ಕುತೂಹಲ, ಜಿಜ್ಞಾಸೆ, ಕೌತುಕ: ಮಕ್ಕಳ ವಿಜ್ಞಾನ ಸಂಘಕ್ಕೆ ಯಾವ ಹೆಸರು? ಈ ಪದಗಳು ಬಂದದ್ದು ಎಲ್ಲಿಂದ?

ಸೀಮೆಸುಣ್ಣ
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ವರ್ಷ ಮಕ್ಕಳಿಗಾಗಿ ವಿಜ್ಞಾನ ಸಂಘ ಶುರು ಮಾಡುತ್ತಿದ್ದೇವೆ. ‘ಕುತೂಹಲ’ ಅಂತ ಹೆಸರಿಡೋಣ ಎಂದೆ. ಹಿರಿಯ ಶಿಕ್ಷಕರೊಬ್ಬರು ಒಪ್ಪಲೇ ಇಲ್ಲ. ಕುತೂಹಲ ಹಗುರ ಪದ, ಪಕ್ಕದ ಮನೆಯಲ್ಲಿ ಏನು ನಡೀತಿದೆ ಅಂತ ಇಣುಕುವ ಬುದ್ಧಿಗೆ ಹೇಳುವ ಮಾತು, ‘ಜಿಜ್ಞಾಸಾ’ ಅಂತಿಡಿ, ಅದಕ್ಕೆ ತೂಕ ಇದೆ ಎನ್ನುತ್ತಾರೆ. ಇಂಗ್ಲಿಷ್ ಮೇಷ್ಟ್ರು ‘ಕ್ಯೂರಿಯಾಸಿಟಿ ಕ್ಲಬ್’ ಅಂತಲೇ ಬರೆಸಿ, ಮಂಗಳ ಗ್ರಹಕ್ಕೆ ಹೋದ ಗಾಡಿಯ ಹೆಸರೂ ಅದೇ ಎನ್ನುತ್ತಾರೆ.

ಬೋರ್ಡ್ ಬರೆಯುವವರು ಸೋಮವಾರ ಬರುತ್ತಾರೆ. ಅಷ್ಟರೊಳಗೆ ತಿಳಿಯಬೇಕು. ಕುತೂಹಲ ನಿಜಕ್ಕೂ ಹಗುರ ಪದವಾ? ಎಲ್ಲಿಂದ ಬಂತು? ಇಂಗ್ಲಿಷಿನ ಕ್ಯೂರಿಯಾಸಿಟಿಗೆ ಏನು ಹಿನ್ನೆಲೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲೆನಾಡ ಮಳೆ
ಕುತೂಹಲ ಅಂತಲೇ ಇಡಿ ಮೇಡಂ. ಐದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದ. ಜಿಜ್ಞಾಸಾ ಅಂತ ಬೋರ್ಡ್ ಹಾಕಿದರೆ ಅರ್ಧ ಮಕ್ಕಳು ಅದನ್ನು ಓದುವುದರಲ್ಲೇ ತಡವರಿಸುತ್ತಾರೆ.

ನಿಘಂಟುಪ್ರಿಯ
ಕುತೂಹಲ ಸಂಸ್ಕೃತದಿಂದ ಬಂದದ್ದು. ಹಳೆಯ ಸಂಸ್ಕೃತ ನಿಘಂಟು ಅಮರಕೋಶದ ನಾಟ್ಯವರ್ಗದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಪದ ಸಿಗುತ್ತವೆ: ‘ಕೌತೂಹಲಂ ಕೌತುಕಂ ಚ ಕುತುಕಂ ಚ ಕುತೂಹಲಮ್’. ನಾಲ್ಕಕ್ಕೂ ಒಂದೇ ಅರ್ಥ. ಅಂದರೆ ಕುತೂಹಲ, ಕೌತುಕ ಎರಡೂ ಒಂದೇ ಮನೆಯ ಮಕ್ಕಳು. ಮೂಲ ಧಾತು ಯಾವುದು ಅನ್ನುವುದು ತೀರ್ಮಾನ ಆಗಿಲ್ಲ. ‘ಕುತಃ’ ಅಂದರೆ ‘ಎಲ್ಲಿಂದ, ಯಾಕೆ’. ಆ ಪದಕ್ಕೂ ಇದಕ್ಕೂ ನಂಟು ಕಲ್ಪಿಸಿದವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಖಚಿತ ಅಂತ ಹೇಳಬೇಡಿ.

ಹಗುರ ಪದ ಅನ್ನುವ ಮಾತಿಗೆ ಒಂದೇ ಉತ್ತರ ಸಾಕು. ಭಾಸ್ಕರಾಚಾರ್ಯರು 1183ರ ಸುಮಾರಿಗೆ ಗ್ರಹಗಣಿತದ ಒಂದು ಕೈಪಿಡಿ ಬರೆದರು. ಪಂಚಾಂಗ ಮಾಡುವವರಿಗೆ ಲೆಕ್ಕ ಸುಲಭವಾಗಲಿ ಅಂತ. ಅದರ ಹೆಸರು ‘ಕರಣಕುತೂಹಲ’. ಅಷ್ಟು ದೊಡ್ಡ ಗಣಿತಜ್ಞರು ತಮ್ಮ ಗ್ರಂಥಕ್ಕೆ ಇಟ್ಟ ಹೆಸರು ನಿಮ್ಮ ಶಾಲೆಯ ಬೋರ್ಡಿಗೆ ಹಗುರವಾಗುತ್ತದೆಯೇ?

ಸೀಮೆಸುಣ್ಣ
ಕರಣಕುತೂಹಲದ ವಿಷಯ ತುಂಬಾ ಉಪಯೋಗಕ್ಕೆ ಬಂತು. ನಾಳೆ ಸ್ಟಾಫ್ ರೂಮಿನಲ್ಲಿ ಹೇಳುತ್ತೇನೆ.

ಭೀಮೆಯ ದಂಡೆ
ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಅನ್ನೋದನ್ನೂ ಹೇಳ್ರಿ ಮೇಡಂ.

ನಿಘಂಟುಪ್ರಿಯ
ಅದು ಇನ್ನೂ ವಾದದಲ್ಲಿರುವ ವಿಷಯ ಸರ್. ಅವರು ಹೇಳಿಕೊಂಡ ಊರು ‘ವಿಜ್ಜಡವಿಡ’, ಅದೂ ಸಹ್ಯ ಪರ್ವತದ ಆಸರೆಯಲ್ಲಿರುವ ಊರು.

ಭೀಮೆಯ ದಂಡೆ
ವಿಜ್ಜಡ ಅಂದರೆ ಬಿಜ್ಜಳನ ಹೆಸರೇ ಅಲ್ವಾ? ಬಿಜ್ಜಳಬೀಡು. ನಮ್ಮ ಕಡೆ ಚಿಕ್ಕಂದಿನಿಂದ ಇದನ್ನೇ ಕೇಳಿಕೊಂಡು ಬಂದಿದ್ದೇವೆ.

ಸಂಜೆ ಪತ್ರಿಕೆ
ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಕೊಡುವವನು ನಾನು. ಹಿರಿಯ ಶಿಕ್ಷಕರ ಮಾತಿನಲ್ಲಿ ಒಂದು ಸತ್ಯ ಇದೆ. ನಾವು ಈ ಪದವನ್ನು ಸವೆಸಿಬಿಟ್ಟಿದ್ದೇವೆ. ‘ಭಾರಿ ಕುತೂಹಲ ಕೆರಳಿಸಿರುವ ಉಪಚುನಾವಣೆ’. ‘ಪಂದ್ಯ ಕುತೂಹಲ ಘಟ್ಟಕ್ಕೆ’. ‘ಸಂಪುಟ ವಿಸ್ತರಣೆ: ಕುತೂಹಲಕ್ಕೆ ಇಂದು ತೆರೆ’. ಇಲ್ಲೆಲ್ಲ ಕುತೂಹಲ ಅಂದರೆ ‘ಮುಂದೇನಾಗುತ್ತೋ’ ಅಷ್ಟೇ. ಫಲಿತಾಂಶ ಬಂದರೆ ಮುಗಿಯಿತು. ಮೇಡಂ ಹೇಳುತ್ತಿರುವ ಕುತೂಹಲ ಉತ್ತರ ಸಿಕ್ಕ ಮೇಲೆ ಮುಗಿಯುವುದಲ್ಲ, ಇನ್ನೊಂದು ಪ್ರಶ್ನೆ ಎತ್ತುತ್ತದೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದೇವೆ, ತೊಂದರೆ ಅಲ್ಲಿದೆ.

ಇನ್ನೊಂದು ಗಮನಿಸಿ. ಕನ್ನಡದಲ್ಲಿ ಕೋಪ ಕೆರಳುತ್ತದೆ, ಹುಣ್ಣು ಕೆರಳುತ್ತದೆ, ಕುತೂಹಲವೂ ಕೆರಳುತ್ತದೆ. ಆಮೇಲೆ ಅದನ್ನು ತಣಿಸಬೇಕು. ಹಸಿವು ತಣಿಸಿದ ಹಾಗೆ. ಅಂದರೆ ನಮ್ಮ ಮಾತಿನಲ್ಲಿ ಇದು ಮೈಯಲ್ಲಿ ಆಗುವ ಸಂಗತಿ. ಜಿಜ್ಞಾಸೆಗೆ ಈ ಕ್ರಿಯಾಪದಗಳು ಹೊಂದುವುದಿಲ್ಲ. ‘ಜಿಜ್ಞಾಸೆ ಕೆರಳಿತು’ ಅಂತ ಯಾರೂ ಬರೆಯುವುದಿಲ್ಲ.

ಮಲೆನಾಡ ಮಳೆ
‘ಕೆಟ್ಟ ಕುತೂಹಲ’ ಅಂತಲೂ ಹೇಳುತ್ತೇವಲ್ಲ. ಅಪಘಾತ ಆದ ಜಾಗದಲ್ಲಿ ಗಾಡಿ ನಿಲ್ಲಿಸಿ ನೋಡುವವರಿಗೆ. ‘ಕೆಟ್ಟ ಜಿಜ್ಞಾಸೆ’ ಅನ್ನುವುದಿಲ್ಲ.

ಪಾಠಶಾಲೆ
ಅದಕ್ಕೇ ಜಿಜ್ಞಾಸೆ ಮೇಲು ಅಂತ ನನ್ನ ಅಭಿಪ್ರಾಯ. ವ್ಯಾಕರಣ ನೋಡಿ. ‘ಜ್ಞಾ’ ಅಂದರೆ ತಿಳಿ. ಸಂಸ್ಕೃತದಲ್ಲಿ ‘ಸನ್’ ಪ್ರತ್ಯಯ ಸೇರಿದರೆ ‘ಹಾಗೆ ಮಾಡುವ ಆಸೆ’ ಅನ್ನುವ ಅರ್ಥ ಬರುತ್ತದೆ. ಜಿಜ್ಞಾಸಾ ಅಂದರೆ ತಿಳಿಯುವ ಆಸೆ. ಇದಕ್ಕಿಂತ ನೇರ ಪದ ಇನ್ನೊಂದಿಲ್ಲ. ಬ್ರಹ್ಮಸೂತ್ರದ ಮೊದಲ ಸೂತ್ರವೇ ‘ಅಥಾತೋ ಬ್ರಹ್ಮಜಿಜ್ಞಾಸಾ’. ಪೂರ್ವಮೀಮಾಂಸೆಯ ಮೊದಲ ಸೂತ್ರ ‘ಅಥಾತೋ ಧರ್ಮಜಿಜ್ಞಾಸಾ’. ಗೀತೆಯ ಏಳನೇ ಅಧ್ಯಾಯದಲ್ಲಿ ನಾಲ್ಕು ಬಗೆಯ ಭಕ್ತರನ್ನು ಹೇಳುವಾಗ ಜಿಜ್ಞಾಸುವೂ ಒಬ್ಬ. ತಿಳಿಯಬೇಕು ಅನ್ನುವವನಿಗೆ ಅಲ್ಲಿ ಗೌರವದ ಜಾಗವಿದೆ. ಹಿರಿಯರು ಸರಿಯಾಗಿಯೇ ಹೇಳಿದ್ದಾರೆ.

ಸಂಜೆ ಪತ್ರಿಕೆ
ಸಂಸ್ಕೃತದಲ್ಲಿ ಹೌದು. ಕನ್ನಡದಲ್ಲಿ ಇವತ್ತು ಜಿಜ್ಞಾಸೆ ಅಂದರೆ ಏನು? ‘ಕಾನೂನು ಜಿಜ್ಞಾಸೆ’, ‘ಜಿಜ್ಞಾಸೆಗೆ ಕಾರಣವಾದ ಆದೇಶ’, ‘ಏನು ಮಾಡುವುದೆಂಬ ಜಿಜ್ಞಾಸೆಯಲ್ಲಿ ಪೋಷಕರು’. ಗೊಂದಲ, ಇಬ್ಬಂದಿ, ತರ್ಕ. ಪದ ಈಗ ಎಲ್ಲಿದೆ ಅನ್ನುವುದೂ ಮುಖ್ಯ, ಹುಟ್ಟಿದ ಊರು ಮಾತ್ರ ಅಲ್ಲ.

ಪಾಠಶಾಲೆ
ಪತ್ರಿಕೆಯವರು ಕೆಡಿಸಿದ್ದನ್ನು ಶಾಲೆ ಸರಿ ಮಾಡಬಾರದೇ?

ಸಂಜೆ ಪತ್ರಿಕೆ
ಮಾಡಬಹುದು. ಆದರೆ ಹದಿಮೂರು ವರ್ಷದ ಮಕ್ಕಳ ಬೋರ್ಡಿನ ಮೇಲೆ ಆ ಕೆಲಸ ಹೊರಿಸುವುದು ಸರಿಯಲ್ಲ.

ತಿಳಿಯಾಸೆ
ಎರಡೂ ಸಂಸ್ಕೃತ. ‘ತಿಳಿಯಾಸೆ’ ಅಂತಿಡಿ. ಅಚ್ಚಗನ್ನಡ, ಅರ್ಥವೂ ಬಿಡಿಸಿ ಹೇಳಬೇಕಿಲ್ಲ.

ನಿಘಂಟುಪ್ರಿಯ
‘ಆಸೆ’ ಸಂಸ್ಕೃತದ ‘ಆಶಾ’ದ ತದ್ಭವ ಸರ್. ‘ಅಚ್ಚರಿ’ಯೂ ಹಾಗೇ, ‘ಆಶ್ಚರ್ಯ’ದಿಂದ ಬಂದದ್ದು. ಬಳಸಬಾರದು ಅಂತ ಹೇಳುತ್ತಿಲ್ಲ. ನೂರಾರು ವರ್ಷದಿಂದ ನಮ್ಮ ಬಾಯಲ್ಲಿ ಇರುವುದು ನಮ್ಮದೇ. ಆ ಲೆಕ್ಕದಲ್ಲಿ ಕುತೂಹಲವೂ ನಮ್ಮದೇ.

ತಿಳಿಯಾಸೆ
ತದ್ಭವ ನಮ್ಮದು, ನಾವು ಬದಲಾಯಿಸಿಕೊಂಡದ್ದು. ತತ್ಸಮ ಬೇರೆ. ಈ ವ್ಯತ್ಯಾಸ ದೊಡ್ಡದು, ಸುಮ್ನೆ ತೇಲಿಸಬೇಡಿ.

ರೋಮಿನ ಕನ್ನಡಿಗ
ಇಂಗ್ಲಿಷ್ ಪದದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕ್ಯೂರಿಯಾಸಿಟಿ ಹಳೆಯ ಫ್ರೆಂಚ್ ಮೂಲಕ ಲ್ಯಾಟಿನ್ನಿನ ‘ಕ್ಯೂರಿಯೋಸಿಟಾಸ್’ನಿಂದ ಬಂತು. ಅದರ ಹಿಂದೆ ‘ಕ್ಯೂರಿಯೋಸುಸ್’: ಮುತುವರ್ಜಿ ಇರುವವನು, ಕೆದಕಿ ನೋಡುವವನು. ಅದರ ಬೇರು ‘ಕೂರಾ’. ಅಂದರೆ ಕಾಳಜಿ, ಆರೈಕೆ, ಚಿಂತೆ. ಇದೇ ಬೇರಿನಿಂದ ರೋಗ ವಾಸಿ ಮಾಡುವ ‘ಕ್ಯೂರ್’ ಬಂತು. ವಸ್ತುಸಂಗ್ರಹಾಲಯ ನೋಡಿಕೊಳ್ಳುವ ‘ಕ್ಯೂರೇಟರ್’ ಬಂತು. ಎಚ್ಚರಿಕೆಯಿಂದ ಮಾಡಿದ ‘ಅಕ್ಯುರೇಟ್’ ಬಂತು. ಚಿಂತೆ ಇಲ್ಲದ ಸ್ಥಿತಿ ‘ಸೆಕ್ಯೂರ್’ ಬಂತು. ಬ್ಯೂಟಿ ಪಾರ್ಲರಿನ ‘ಮ್ಯಾನಿಕ್ಯೂರ್’ ಕೂಡ ಇದೇ, ಕೈಯ ಆರೈಕೆ.

ಕ್ರಿ.ಪೂ. 59ರಲ್ಲಿ ರೋಮಿನ ರಾಜಕಾರಣಿ, ವಾಗ್ಮಿ ಸಿಸೆರೊ ‘ಕ್ಯೂರಿಯೋಸಿಟಾಸ್’ ಪದವನ್ನು ಗೆಳೆಯ ಅಟಿಕಸ್‌ಗೆ ಬರೆದ ಪತ್ರದಲ್ಲಿ ಬಳಸುತ್ತಾನೆ. ಆಗ ಅವನು ರೋಮಿನಿಂದ ದೂರ ಇದ್ದ. ರಾಜಧಾನಿಯ ರಾಜಕೀಯ ಸುದ್ದಿ ಬೇಕಿತ್ತು. ಸುದ್ದಿಗಾಗಿ ಹಸಿದು ಕಂಗಾಲಾಗಿದ್ದೇನೆ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಹಸಿವಿನ ಮಾತು ಅಲ್ಲೂ ಇದೆ ನೋಡಿ.

ಆಮೇಲೆ ಪದಕ್ಕೆ ಕೆಟ್ಟ ಹೆಸರು ಬಂತು. ಸುಮಾರು ಕ್ರಿ.ಶ. 400ರಲ್ಲಿ ಕ್ರೈಸ್ತ ಸಂತ ಆಗಸ್ಟೀನ್ ತನ್ನ ಆತ್ಮನಿವೇದನೆಯ ಪುಸ್ತಕ ‘ಕನ್ಫೆಷನ್ಸ್’ನ ಹತ್ತನೇ ಭಾಗದಲ್ಲಿ ಇದನ್ನು ‘ಕಣ್ಣಿನ ಕಾಮ’ ಎಂಬ ಪಾಪದ ಜೊತೆ ಸೇರಿಸಿದ. ಅವನು ಕೊಡುವ ಉದಾಹರಣೆಗಳು ದೊಡ್ಡ ದೊಡ್ಡ ಪಾಪಗಳಲ್ಲ. ಸರ್ಕಸ್ಸಿಗೆ ಹೋಗಿ ನಾಯಿ ಮೊಲವನ್ನು ಅಟ್ಟುವುದನ್ನು ಈಗ ನೋಡುವುದಿಲ್ಲ, ಆದರೆ ಹೊಲದ ದಾರಿಯಲ್ಲಿ ಅದೇ ಕಂಡರೆ ಮನಸ್ಸು ಅತ್ತ ಹೋಗುತ್ತದೆ ಎನ್ನುತ್ತಾನೆ. ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದು, ಜೇಡ ಬಲೆಗೆ ಸಿಕ್ಕ ನೊಣವನ್ನು ಸುತ್ತುವುದು ತನ್ನನ್ನು ಸೆಳೆಯುತ್ತದೆ ಅಂತ ಬೇಸರ ಪಡುತ್ತಾನೆ.

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಎರಡು ಪಾಲು ಮಾಡಿದ. ಅಧ್ಯಯನದ ಶ್ರದ್ಧೆ ಒಳ್ಳೆಯದು, ಕ್ಯೂರಿಯೋಸಿಟಾಸ್ ಕೆಟ್ಟದ್ದು ಅಂತ. ಸೀಮೆಸುಣ್ಣ ಅವರ ಸ್ಟಾಫ್ ರೂಮಿನಲ್ಲಿ ನಡೆಯುತ್ತಿರುವ ವಾದ ಇದೇ ಅಲ್ವಾ?

ಸೀಮೆಸುಣ್ಣ
ಹಲ್ಲಿ ನೊಣ ಹಿಡಿಯುವುದನ್ನು ನೋಡುವುದು ಪಾಪವಾ! ನಮ್ಮ ಎಂಟನೇ ತರಗತಿಯ ಒಬ್ಬ ಹುಡುಗ ಗೋಡೆ ಮೇಲಿನ ಹಲ್ಲಿಯನ್ನು ನೋಡುತ್ತಾ ಪಾಠ ಬಿಡುತ್ತಾನೆ. ಅದು ತಲೆಕೆಳಗಾಗಿ ಹೇಗೆ ನಿಲ್ಲುತ್ತೆ ಅಂತ ಕೇಳಿದವನೂ ಅವನೇ.

ಸೈಟ್ ಇಂಜಿನಿಯರ್
ಹಾಗಾದ್ರೆ ನಾವು ನೀರು ಕಟ್ಟಿ ಕಾಂಕ್ರೀಟಿಗೆ ಮಾಡುವ ಕ್ಯೂರಿಂಗ್ ಕೂಡ ಅದೇ ಬೇರಾ?

ರೋಮಿನ ಕನ್ನಡಿಗ
ಹೌದು. ಕ್ಯೂರ್‌ನಿಂದಲೇ.

ಮೈಸೂರು ಪೇಟ
ರೋಮಿನ ಕನ್ನಡಿಗರೇ, ಪಟ್ಟಿಯಲ್ಲಿ ‘ಕೇರ್’ ಬಿಟ್ಟಿರಿ. ಕೂರಾ, ಕ್ಯೂರ್, ಕೇರ್ ಎಲ್ಲ ಒಂದೇ ಗುಂಪು.

ರೋಮಿನ ಕನ್ನಡಿಗ
ಇಲ್ಲ ಸರ್, ಬೇಕೆಂದೇ ಬಿಟ್ಟೆ. ಇಂಗ್ಲಿಷಿನ ಕೇರ್ ಜರ್ಮನಿಕ್ ಮೂಲದ್ದು. ಹಳೆಯ ಇಂಗ್ಲಿಷಿನಲ್ಲಿ ‘ಕರು’ ಅಂತಿತ್ತು, ದುಃಖ, ಕಳವಳ ಅನ್ನುವ ಅರ್ಥ. ಲ್ಯಾಟಿನ್ನಿನ ಕೂರಾಗೂ ಅದಕ್ಕೂ ರಕ್ತಸಂಬಂಧ ಇಲ್ಲ. ಅರ್ಥ, ಉಚ್ಚಾರ ಎರಡೂ ಹತ್ತಿರ ಬಂದದ್ದು ಆಕಸ್ಮಿಕ.

ಮೈಸೂರು ಪೇಟ
ಅರ್ಥವೂ ಒಂದೇ, ಸದ್ದೂ ಒಂದೇ, ಆದರೂ ಸಂಬಂಧ ಇಲ್ಲ ಅಂದರೆ ನಂಬುವುದು ಕಷ್ಟ.

ನಿಘಂಟುಪ್ರಿಯ
ಸದ್ದು ಹೋಲಿದ ಮಾತ್ರಕ್ಕೆ ನಂಟು ಅಂತ ಹೊರಟರೆ ಎಲ್ಲ ಭಾಷೆಯನ್ನೂ ಎಲ್ಲ ಭಾಷೆಗೂ ಕಟ್ಟಬಹುದು. ಧ್ವನಿ ಬದಲಾವಣೆಗೆ ನಿಯಮಗಳಿವೆ. ರೋಮಿನ ಕನ್ನಡಿಗರು ಹೇಳಿದ್ದು ಸರಿ.

ಬೆಕ್ಕಿನ ಮನೆ
ಇದೇ ಸಂದರ್ಭದಲ್ಲಿ ಒಂದು ಕೋರಿಕೆ. ‘ಕುತೂಹಲ ಬೆಕ್ಕನ್ನು ಕೊಂದಿತು’ ಅಂತ ಕನ್ನಡದಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಮಾತಿನಲ್ಲಿ ಅಂಥ ಬೆಕ್ಕು ಇಲ್ಲ. ನಮ್ಮ ಬೆಕ್ಕಿಗೆ ಚೆಲ್ಲಾಟ, ಪ್ರಾಣಸಂಕಟ ಇಲಿಗೆ.

ರೋಮಿನ ಕನ್ನಡಿಗ
ಆ ಬೆಕ್ಕಿನ ಕಥೆ ಇಲ್ಲಿಗೆ ಬೇಕೇ ಬೇಕು. ಇಂಗ್ಲಿಷಿನಲ್ಲೂ ಮೊದಲು ಬೆಕ್ಕನ್ನು ಕೊಂದದ್ದು ಕುತೂಹಲ ಅಲ್ಲ, ‘ಕೇರ್’. ಅಂದರೆ ಚಿಂತೆ, ಕೊರಗು. ಬೆನ್ ಜಾನ್ಸನ್‌ನ 1598ರ ನಾಟಕದಲ್ಲಿ ಆ ಮಾತಿದೆ, ಶೇಕ್ಸ್‌ಪಿಯರ್‌ನಲ್ಲೂ ಇದೆ. ಅಲ್ಲಿನ ಅರ್ಥ: ಚಿಂತೆ ಮಾಡಿ ಮಾಡಿ ಬೆಕ್ಕೂ ಸಾಯುತ್ತದೆ, ನೀನು ಧೈರ್ಯವಾಗಿರು. ‘ಕ್ಯೂರಿಯಾಸಿಟಿ’ ಆ ಜಾಗಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಒಬ್ಬರಿಗೆ ಧೈರ್ಯ ಹೇಳುವ ಮಾತು, ಪ್ರಶ್ನೆ ಕೇಳುವ ಮಕ್ಕಳ ಬಾಯಿ ಮುಚ್ಚಿಸುವ ಮಾತಾಯಿತು. ಅದಕ್ಕೆ ನನಗೆ ಬೇಸರ.

ಮಲೆನಾಡ ಮಳೆ
ಇದು ಗೊತ್ತೇ ಇರಲಿಲ್ಲ. ನಮ್ಮಲ್ಲಿ ಬಾಯಿ ಮುಚ್ಚಿಸುವ ಮಾತು ‘ಅಧಿಕಪ್ರಸಂಗ ಮಾಡಬೇಡ’.

ಕಡಲ ಕರೆ
‘ಊರ ಉಸಾಬರಿ ನಿನಗ್ಯಾಕೆ’ ಕೂಡ ಇದೆ ಮಾರಾಯ್ರೇ. ಎರಡಕ್ಕೂ ವ್ಯತ್ಯಾಸ ಉಂಟು. ಉಸಾಬರಿ ಅಂದರೆ ಮಂದಿಯ ವಿಷಯಕ್ಕೆ ಕೈ ಹಾಕುವುದು. ಅಧಿಕಪ್ರಸಂಗ ಅಂದರೆ ಹಿರಿಯರ ಎದುರು ಜಾಸ್ತಿ ಮಾತಾಡುವುದು. ಹಲ್ಲಿ ನೋಡುವ ಹುಡುಗ ಎರಡನ್ನೂ ಮಾಡುತ್ತಿಲ್ಲ.

ಪಾಠಶಾಲೆ
ನಮ್ಮಲ್ಲಿ ಪ್ರಶ್ನೆಗೆ ಯಾವತ್ತೂ ತಡೆ ಇರಲಿಲ್ಲ. ನಚಿಕೇತ ಯಮನನ್ನೇ ಕೇಳಿದ. ಪಶ್ಚಿಮದಲ್ಲಿ ಮಾತ್ರ ಅದನ್ನು ಪಾಪ ಮಾಡಿದರು.

ಓದುಗಿತ್ತಿ
ಇಷ್ಟು ಸುಲಭವಾಗಿ ಹೇಳಬೇಡಿ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಯಾಜ್ಞವಲ್ಕ್ಯರನ್ನು ಕೇಳುತ್ತಾ ಹೋಗುತ್ತಾಳೆ. ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ, ನೀರು ಯಾವುದರಲ್ಲಿ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಬ್ರಹ್ಮಲೋಕದ ತನಕ. ಬ್ರಹ್ಮಲೋಕ ಯಾವುದರಲ್ಲಿ ಅಂದಾಗ ಯಾಜ್ಞವಲ್ಕ್ಯರು ‘ಗಾರ್ಗಿ, ಅತಿಯಾಗಿ ಕೇಳಬೇಡ, ನಿನ್ನ ತಲೆ ಉರುಳೀತು’ ಎನ್ನುತ್ತಾರೆ. ಗಾರ್ಗಿ ಸುಮ್ಮನಾಗುತ್ತಾಳೆ. ಇದು ತಡೆ ಅಲ್ಲದೆ ಇನ್ನೇನು?

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಸಭೆಯಲ್ಲಿ ಸ್ವಲ್ಪ ಹೊತ್ತಿನ ಮೇಲೆ ಆಕೆ ಮತ್ತೆ ಎದ್ದು ನಿಲ್ಲುತ್ತಾಳೆ. ಕಾಶಿಯ ಅಥವಾ ವಿದೇಹದ ವೀರ ಬಿಲ್ಲಿಗೆ ಹೆದೆ ಏರಿಸಿ ಎರಡು ಬಾಣ ಹಿಡಿದು ನಿಲ್ಲುವ ಹಾಗೆ ಎರಡು ಪ್ರಶ್ನೆ ಹಿಡಿದು ನಿಂತಿದ್ದೇನೆ ಅನ್ನುತ್ತಾಳೆ. ಈ ಸಲ ಯಾಜ್ಞವಲ್ಕ್ಯರು ‘ಕೇಳು ಗಾರ್ಗಿ’ ಎನ್ನುತ್ತಾರೆ. ನನಗೆ ನಚಿಕೇತನಿಗಿಂತ ಗಾರ್ಗಿಯೇ ಹತ್ತಿರ. ಹೆದರಿಸಿದ ಮೇಲೂ ಎದ್ದವಳು.

ಪಾಠಶಾಲೆ
ಅಲ್ಲಿ ‘ಅತಿಪ್ರಶ್ನೆ’ ಅಂದರೆ ತರ್ಕದಿಂದ ತಿಳಿಯಲಾಗದ್ದನ್ನು ತರ್ಕದಿಂದ ಕೇಳುವುದು. ವ್ಯಾಖ್ಯಾನಕಾರರು ಹಾಗೇ ಹೇಳಿದ್ದಾರೆ. ಹೆದರಿಕೆ ಅಲ್ಲ, ಎಚ್ಚರಿಕೆ.

ಓದುಗಿತ್ತಿ
ತಲೆ ಉರುಳೀತು ಅನ್ನುವುದು ನನಗೆ ಹೆದರಿಕೆಯಾಗಿಯೇ ಕೇಳುತ್ತದೆ. ಬೇತಾಳ ನೋಡಿ, ಅವನು ತಿರುವುಮುರುವು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತೆ ಅನ್ನುತ್ತಾನೆ. ಶಾಲೆಗೆ ಬೇತಾಳನ ನಿಯಮ ಒಳ್ಳೆಯದು.

ಗಡಿ ಭಾಗದವ
ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಮರಾಠಿಯಲ್ಲಿ ‘ಕೌತುಕ’ ಅಂದರೆ ಮೆಚ್ಚುಗೆ, ಅಕ್ಕರೆಯ ಹೊಗಳಿಕೆ. ಮಗು ಚಂದದ ಚಿತ್ರ ಬರೆದರೆ ಎಲ್ಲರೂ ‘ಕೌತುಕ’ ಮಾಡುತ್ತಾರೆ. ಕನ್ನಡದಲ್ಲಿ ಕೌತುಕ ಅಂದರೆ ಬೆರಗು. ಒಂದೇ ಪದ, ಎರಡು ಮನೆಯಲ್ಲಿ ಎರಡು ಸ್ವಭಾವ.

ಹೊಸೂರು ರಸ್ತೆ
ತಮಿಳಿನಲ್ಲಿ ‘ಕುತೂಕಲಂ’ ಅಂದರೆ ಸಂಭ್ರಮ, ಖುಷಿ. ಹಬ್ಬದ ದಿನ ಮಕ್ಕಳು ಕುಣಿದಾಡುವುದಕ್ಕೆ ಹೇಳುತ್ತಾರೆ. ಕುತೂಹಲ ಅನ್ನುವುದಕ್ಕೆ ಅವರು ಬೇರೆ ಪದ ಬಳಸುತ್ತಾರೆ, ‘ಆರ್ವಂ’, ‘ಆವಲ್’.

ಕಡಲ ಕರೆ
ಮಲಯಾಳಂನಲ್ಲಿ ‘ಕೌತುಕಂ’ ಅಂದರೆ ನಮ್ಮ ಕುತೂಹಲವೇ. ಪತ್ರಿಕೆಯ ವಿಚಿತ್ರ ಸುದ್ದಿಗಳಿಗೆ ‘ಕೌತುಕ ವಾರ್ತೆ’ ಅಂತಾರೆ.

ಕೌತುಕಕ್ಕೆ ದೇವಸ್ಥಾನದಲ್ಲಿ ಬೇರೆಯೇ ಅರ್ಥ ಉಂಟು. ದೇವಸ್ಥಾನದ ಪೂಜಾವಿಧಿ ಹೇಳುವ ವೈಖಾನಸ ಆಗಮದಲ್ಲಿ ಐದು ಬಿಂಬ (ಬೇರ ಅಂತಲೂ ಹೆಸರು): ಧ್ರುವ, ಕೌತುಕ, ಉತ್ಸವ, ಸ್ನಪನ, ಬಲಿ. ಅಲುಗಾಡದ ಮೂಲಮೂರ್ತಿ ಧ್ರುವಬೇರ. ನಿತ್ಯ ಪೂಜೆಗೆ ಇರುವ ಸಣ್ಣ ಮೂರ್ತಿ ಕೌತುಕಬೇರ. ತಿರುಮಲೆಯ ಭೋಗ ಶ್ರೀನಿವಾಸ ಮೂರ್ತಿ ಕೌತುಕಬೇರವೇ. ಉತ್ಸವಕ್ಕೆ ಮೊದಲು ಕೈಗೆ ಕಂಕಣ ಕಟ್ಟುವುದಕ್ಕೂ ‘ಕೌತುಕಬಂಧನ’ ಅಂತಲೇ ಹೆಸರು. ಇದಕ್ಕೂ ಕುತೂಹಲಕ್ಕೂ ಏನು ಸಂಬಂಧ, ಗೊತ್ತಿದ್ದವರು ಹೇಳಬೇಕು.

ಓದುಗಿತ್ತಿ
ಕಡಲ ಕರೆ ಅವರೇ, ಈ ಎರಡು ಅರ್ಥವೂ ಕಾಳಿದಾಸನ ಕುಮಾರಸಂಭವದ ಏಳನೇ ಸರ್ಗದಲ್ಲಿ ಒಟ್ಟಿಗೆ ಸಿಗುತ್ತವೆ. ಶಿವಪಾರ್ವತಿಯರ ಮದುವೆಯ ಸರ್ಗ.

ಮೊದಲು ಕೌತುಕ. ತಾಯಿ ಮೇನೆ ಮಗಳ ಕೈಗೆ ಉಣ್ಣೆಯ ಕೌತುಕಸೂತ್ರ ಕಟ್ಟಬೇಕು. ಕಣ್ಣಲ್ಲಿ ನೀರು ತುಂಬಿದೆ. ಎಲ್ಲಿ ಕಟ್ಟುತ್ತಿದ್ದೇನೆ ಅಂತ ಕಾಣುವುದಿಲ್ಲ. ತಪ್ಪು ಜಾಗದಲ್ಲಿ ಕಟ್ಟಿಬಿಡುತ್ತಾಳೆ. ದಾದಿ ಬೆರಳಿನಿಂದ ದಾರವನ್ನು ಸರಿಸಿ ಸರಿಯಾದ ಜಾಗಕ್ಕೆ ತರುತ್ತಾಳೆ. ಒಂದೇ ಶ್ಲೋಕದಲ್ಲಿ ಇಷ್ಟೂ ಇದೆ.

ಆಮೇಲೆ ಕುತೂಹಲ. ವರನ ದಿಬ್ಬಣ ಬರುತ್ತದೆ. ಊರಿನ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಾರೆ. ಒಬ್ಬಳು ಕಾಲಿಗೆ ಅರಗಿನ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ಹಸಿ ಬಣ್ಣದ ಕಾಲನ್ನೇ ಎಳೆದುಕೊಂಡು ಓಡಿದಳು. ಕಿಟಕಿಯ ತನಕ ಕೆಂಪು ಹೆಜ್ಜೆ ಮೂಡಿದವು. ಇನ್ನೊಬ್ಬಳ ಬಲಗಣ್ಣಿಗೆ ಕಾಡಿಗೆ ಇದೆ, ಎಡಗಣ್ಣಿಗೆ ಇಲ್ಲ. ಕಡ್ಡಿ ಕೈಯಲ್ಲೇ ಇದೆ. ಆ ಹೆಂಗಸರನ್ನು ಕವಿ ‘ಸಾಂದ್ರಕುತೂಹಲಾನಾಮ್’ ಎನ್ನುತ್ತಾನೆ. ದಟ್ಟವಾದ ಕುತೂಹಲ ಇದ್ದವರು. ಇದೇ ಶ್ಲೋಕಗಳು ರಘುವಂಶದ ಏಳನೇ ಸರ್ಗದಲ್ಲೂ ಬರುತ್ತವೆ.

ಮೇಡಂ, ನಿಮ್ಮ ಹಿರಿಯ ಶಿಕ್ಷಕರು ಕುತೂಹಲ ಅಂದರೆ ಕಿಟಕಿಯಲ್ಲಿ ಇಣುಕುವುದು ಅಂದರಲ್ಲ. ಕಾಳಿದಾಸನೂ ಕಿಟಕಿಯಲ್ಲೇ ನಿಲ್ಲಿಸಿದ್ದಾನೆ. ಆದರೆ ಅವನಿಗೆ ಅದರಲ್ಲಿ ಕೀಳು ಏನೂ ಕಂಡಿಲ್ಲ. ಆ ಮುಖಗಳಿಂದ ಕಿಟಕಿಗಳು ತಾವರೆ ಮುಡಿದ ಹಾಗೆ ಕಂಡವು ಎನ್ನುತ್ತಾನೆ.

ಸೀಮೆಸುಣ್ಣ
ಓದುಗಿತ್ತಿಯವರೇ, ಎಷ್ಟು ಚೆನ್ನಾಗಿ ಹೇಳಿದಿರಿ. ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿಕೊಂಡು ಓಡಿದವಳು ಇನ್ನು ನನ್ನ ತಲೆಯಿಂದ ಹೋಗುವುದಿಲ್ಲ.

ನಿಘಂಟುಪ್ರಿಯ
ಅಲಂಕಾರ ಶಾಸ್ತ್ರದವರೂ ಇದನ್ನೇ ಹಿಡಿದರು. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಕುತೂಹಲ ನಾಯಿಕೆಯ ಅಲಂಕಾರಗಳಲ್ಲಿ ಒಂದು. ಚೆಂದದ ವಸ್ತು ಕಂಡಾಗ ಮನಸ್ಸು ಅತ್ತಿತ್ತ ಹರಿಯುವುದೇ ಕುತೂಹಲ ಅಂತ ಲಕ್ಷಣ ಕೊಡುತ್ತಾನೆ. ಆಗಸ್ಟೀನ್‌ಗೆ ದೋಷವಾಗಿ ಕಂಡದ್ದು ಇಲ್ಲಿ ಒಡವೆ.

ಪಾಠಶಾಲೆ
ಒಡವೆ ಸರಿ. ವಿಜ್ಞಾನಕ್ಕೆ ಮನಸ್ಸು ಅತ್ತಿತ್ತ ಹರಿಯುವುದು ಸಾಕೇ? ದಿಬ್ಬಣ ಹೋದ ಮೇಲೆ ಆ ಹೆಂಗಸರು ವಾಪಸ್ ಕಾಡಿಗೆ ಹಚ್ಚಿಕೊಳ್ಳಲು ಹೋಗಿರುತ್ತಾರೆ. ಜಿಜ್ಞಾಸೆ ಇರುವವನು ಬಿಡದೆ ಕೂರುತ್ತಾನೆ. ಕೇಂದ್ರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನವರು 2017ರಲ್ಲಿ ಶಾಲಾ ಮಕ್ಕಳನ್ನು ಪ್ರಯೋಗಾಲಯಗಳಿಗೆ ಕರೆತರುವ ಕಾರ್ಯಕ್ರಮ ಶುರು ಮಾಡಿದಾಗ ಇಟ್ಟ ಹೆಸರು ‘ಜಿಜ್ಞಾಸಾ’. ಸುಮ್ನೆ ಇಟ್ಟರೇ?

ಮಲೆನಾಡ ಮಳೆ
ಅದು ದೇಶಕ್ಕೆಲ್ಲ ಸೇರಿ ಇಟ್ಟ ಹೆಸರು, ಹಿಂದಿಯವರಿಗೆ ಅದು ದಿನಬಳಕೆಯ ಪದ. ಇಲ್ಲಿ ಕನ್ನಡ ಶಾಲೆ.

ರೋಮಿನ ಕನ್ನಡಿಗ
ಪಾಠಶಾಲೆಯವರ ಪ್ರಶ್ನೆ ನ್ಯಾಯವಾದದ್ದು. ಇಂಗ್ಲಿಷ್ ಪದದಲ್ಲಿ ಆ ‘ಬಿಡದೆ ಕೂರುವ’ ಅರ್ಥ ಮೊದಲು ಇತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಪುರೋಹಿತನ ನಡುಕಟ್ಟನ್ನು ‘ಕ್ಯೂರಿಯಸ್’ ಅಂದಿದ್ದಾರೆ. ವಿಚಿತ್ರ ನಡುಕಟ್ಟು ಅಂತಲ್ಲ, ಬಹಳ ಜತನದಿಂದ ನೇಯ್ದದ್ದು ಅಂತ. ಅಂದರೆ ಆಗಿನ ಕ್ಯೂರಿಯಸ್ ನೋಡುವವನ ಗುಣ ಮಾತ್ರ ಅಲ್ಲ, ಮಾಡಿದ ವಸ್ತುವಿನ ಗುಣವೂ ಹೌದು. ಅದರಿಂದಲೇ ಅಪರೂಪದ ವಸ್ತುಗಳನ್ನು ‘ಕ್ಯೂರಿಯಾಸಿಟಿ’ ಅಂತ ಕರೆದು ಕಪಾಟಿನಲ್ಲಿ ಕೂಡಿಟ್ಟರು. ಹ್ಯಾನ್ಸ್ ಸ್ಲೋನ್ ಅನ್ನುವ ವೈದ್ಯನ ಅಂಥ ಸಂಗ್ರಹದಿಂದ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು. ಪ್ರವಾಸಿಗರು ಹೋಗುವ ‘ಕ್ಯೂರಿಯೊ’ ಅಂಗಡಿಯ ಹೆಸರೂ ಇದರ ತುಂಡೇ.

ಪಾಪದ ಪಟ್ಟಿಯಿಂದ ಹೊರಬಂದದ್ದು 17ನೇ ಶತಮಾನದ ಹೊತ್ತಿಗೆ. 1651ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಹಾಬ್ಸ್ ಇದನ್ನು ‘ಮನಸ್ಸಿನ ಕಾಮ’ ಅಂದ. ಆದರೆ ಈ ಸಲ ಹೊಗಳಿಕೆಯಾಗಿ. ದೇಹದ ಸುಖ ಬೇಗ ಮುಗಿಯುತ್ತದೆ, ಇದು ದಣಿಯದೆ ನಡೆಯುತ್ತದೆ ಅಂತ. ಅದೇ ದೂಷಣೆಯ ಪದವನ್ನು ತಿರುಗಿಸಿ ಹಾರ ಹಾಕಿದ.

ಆಕಾಶ ನೋಡಿ
ಮಂಗಳದ ಗಾಡಿಯ ವಿಷಯ ಬಂತಲ್ಲ. 2011ರ ನವೆಂಬರಿನಲ್ಲಿ ಹೊರಟು 2012ರ ಆಗಸ್ಟಿನಲ್ಲಿ ಗೇಲ್ ಕುಳಿಯಲ್ಲಿ ಇಳಿಯಿತು. ಹೆಸರು ಸೂಚಿಸಿದ್ದು ವಿಜ್ಞಾನಿಗಳಲ್ಲ, 2009ರ ಸ್ಪರ್ಧೆಯಲ್ಲಿ ಕ್ಯಾನ್ಸಸ್‌ನ ಆರನೇ ತರಗತಿಯ ಹುಡುಗಿ. ಸುಮಾರು ಎರಡು ವರ್ಷದ ಕೆಲಸಕ್ಕೆಂದು ಕಳಿಸಿದ್ದು ಹತ್ತು ವರ್ಷ ದಾಟಿಯೂ ಓಡಿತು. ಮೇಡಂ, ಹೆಸರನ್ನು ಶಿಕ್ಷಕರು ಯಾಕೆ ತೀರ್ಮಾನಿಸುತ್ತಿದ್ದೀರಿ? ಮಕ್ಕಳನ್ನೇ ಕೇಳಿ.

ಓದುಗಿತ್ತಿ
ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ.

ವಕೀಲರ ಮನೆ
ಹಿರಿಯರಿಗೆ ಸಂವಿಧಾನವನ್ನೂ ನೆನಪಿಸಿ. 51ಎ(ಎಚ್): ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸಿ ತಿಳಿಯುವ ಗುಣ ಬೆಳೆಸಿಕೊಳ್ಳುವುದು ಪ್ರತಿಯೊಬ್ಬರ ಮೂಲಭೂತ ಕರ್ತವ್ಯ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ್ದು. ಅಧಿಕಪ್ರಸಂಗ ಅಂತ ಬೈಯುವ ಮುನ್ನ ಇದನ್ನು ಓದಬೇಕು.

ಪಾಠಶಾಲೆ
ರೋಮಿನ ಕನ್ನಡಿಗರು ಕ್ಯೂರ್ ಮತ್ತು ಕ್ಯೂರಿಯಸ್ ಒಂದೇ ಬೇರು ಅಂದದ್ದು ಮೊನ್ನೆಯಿಂದ ತಲೆಯಲ್ಲಿದೆ. ನಮ್ಮಲ್ಲೂ ಹಾಗೇ ಆಗಿದೆ. ‘ಚಿಕಿತ್ಸಾ’ ನೋಡಿ. ಅದೂ ಜಿಜ್ಞಾಸಾ ಥರದ್ದೇ ಪದ, ಅದೇ ಸನ್ ಪ್ರತ್ಯಯ. ‘ಕಿತ್’ ಅಥವಾ ‘ಚಿತ್’ ಅಂದರೆ ಗಮನಿಸು, ಅರಿ. ಚಿಕಿತ್ಸಾ ಅಂದರೆ ಗಮನಿಸುವ ಇಚ್ಛೆ, ನಿಗಾ ಇಡುವುದು. ಅದು ರೋಗಿಯ ಆರೈಕೆಯಾಯಿತು. ‘ವಿ’ ಸೇರಿದರೆ ‘ವಿಚಿಕಿತ್ಸಾ’, ಸಂದೇಹ. ನಚಿಕೇತ ಯಮನನ್ನು ಕೇಳುವಾಗ ಇದೇ ಪದ ಬರುತ್ತದೆ: ಸತ್ತ ಮನುಷ್ಯನ ಬಗ್ಗೆ ಇರುವ ವಿಚಿಕಿತ್ಸೆ.

‘ಶುಶ್ರೂಷಾ’ ಕೂಡ ಹಾಗೇ. ‘ಶ್ರು’ ಅಂದರೆ ಕೇಳು. ಶುಶ್ರೂಷಾ ಅಂದರೆ ಕೇಳಿಸಿಕೊಳ್ಳುವ ಆಸೆ. ಗುರುವಿನ ಮಾತು ಕೇಳಲು ಹತ್ತಿರ ಇರುವವನು ಸೇವೆ ಮಾಡುತ್ತಾನೆ. ಸೇವೆ ಆರೈಕೆಯಾಯಿತು. ಇವತ್ತು ಆಸ್ಪತ್ರೆಯಲ್ಲಿ ನರ್ಸ್ ಮಾಡುವ ಕೆಲಸ ಶುಶ್ರೂಷೆ.

ಓದುಗಿತ್ತಿ
ಅಂದರೆ ತಿಳಿಯುವ ಆಸೆ ಅಲ್ಲೂ ಇಲ್ಲೂ ಆರೈಕೆಯ ಪಕ್ಕದಲ್ಲೇ ಕೂತಿದೆ. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಇಲ್ಲಿ ಕೊಡುಕೊಳ್ಳುವಿಕೆ ಇಲ್ಲ, ಬೇರೆ ಬೇರೆ ಧಾತುಗಳು. ಆದರೂ ಎರಡೂ ಕಡೆ ಒಂದೇ ದಾರಿ ಹಿಡಿದಿವೆ. ಯಾವುದನ್ನು ನೋಡಿಕೊಳ್ಳುತ್ತೇವೋ ಅದನ್ನೇ ಕೆದಕಿ ನೋಡುತ್ತೇವೆ. ಪಾಠಶಾಲೆಯವರೇ, ಈ ಎಳೆಯಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ವಿಷಯ ಇದು.

ಗಡಿ ಭಾಗದವ
ಮರಾಠಿಯಲ್ಲಿ ‘ಚಿಕಿತ್ಸಕ’ ಅಂದರೆ ಡಾಕ್ಟರ್ ಒಬ್ಬರೇ ಅಲ್ಲ. ಯಾವುದನ್ನೂ ಸುಮ್ನೆ ಒಪ್ಪದೆ ಪರೀಕ್ಷಿಸಿ ನೋಡುವವನೂ ಚಿಕಿತ್ಸಕ.

ಸಂಜೆ ಪತ್ರಿಕೆ
ಕನ್ನಡ ವಿಮರ್ಶೆಯಲ್ಲೂ ‘ಚಿಕಿತ್ಸಕ ದೃಷ್ಟಿ’ ಅಂತ ಬರೆಯುತ್ತಾರೆ. ಇಷ್ಟು ದಿನ ಅದನ್ನು ಬರೀ ರೂಪಕ ಅಂದುಕೊಂಡು ಎಡಿಟ್ ಮಾಡುತ್ತಿದ್ದೆವು.

ಸೀಮೆಸುಣ್ಣ
ಎಲ್ಲರಿಗೂ ಧನ್ಯವಾದ. ಇವತ್ತು ಮಕ್ಕಳ ಮುಂದೆ ಕುತೂಹಲ, ಜಿಜ್ಞಾಸೆ, ಕೌತುಕ ಮೂರೂ ಪದ ಇಟ್ಟೆ. ಅರ್ಥ, ಕಥೆ ಎಲ್ಲ ಹೇಳಿದೆ. ಹಿರಿಯ ಶಿಕ್ಷಕರನ್ನೇ ಜಿಜ್ಞಾಸೆಯ ಪರ ಮಾತಾಡಲು ಕರೆದೆ, ಅವರು ಬಂದು ಬಹಳ ಚೆನ್ನಾಗಿ ಹೇಳಿದರು. ಮಕ್ಕಳು ಕೈ ಎತ್ತಿದ್ದು ‘ಕುತೂಹಲ’ಕ್ಕೆ. ಒಂದು ಹುಡುಗಿ ಮಾತ್ರ ‘ಗಾರ್ಗಿ’ ಅಂತಿಡಿ ಎಂದಳು. ಅವಳ ಮಾತು ನನಗೂ ಇಷ್ಟವಾಯಿತು. ಸಂಘದ ಗೋಡೆ ಪತ್ರಿಕೆಗೆ ಆ ಹೆಸರು ಇಡುತ್ತೇವೆ.

ಪಾಠಶಾಲೆ
ಸಂತೋಷ ಮೇಡಂ. ಆದರೂ ಜಿಜ್ಞಾಸೆಯನ್ನು ಕೈಬಿಡಬೇಡಿ. ವರ್ಷಾಂತ್ಯದ ಪ್ರದರ್ಶನಕ್ಕಾದರೂ ಇಡಿ.

ತಿಳಿಯಾಸೆ
ಮೂರು ಸಂಸ್ಕೃತ ಪದ ಇಟ್ಟು ಒಂದನ್ನು ಆರಿಸಿ ಅಂದರೆ ಮಕ್ಕಳು ಇನ್ನೇನು ಮಾಡುತ್ತಾರೆ? ನಾಲ್ಕನೆಯದಾಗಿ ತಿಳಿಯಾಸೆಯನ್ನೂ ಇಡಬೇಕಿತ್ತು.

ಭೀಮೆಯ ದಂಡೆ
ಭಾಸ್ಕರಾಚಾರ್ಯರ ಊರಿನ ಬಗ್ಗೆ ಮಕ್ಕಳಿಗೆ ಏನು ಹೇಳಿದಿರಿ?

ಗಡಿ ಭಾಗದವ
ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ ಅವರ ಮೊಮ್ಮಗ ಚಂಗದೇವನ ಶಾಸನ ಇದೆ. ಭಾಸ್ಕರಾಚಾರ್ಯರ ಗ್ರಂಥಗಳನ್ನು ಓದಿಸಲು ಮಠ ಕಟ್ಟಿಸಿದ್ದು ಅಲ್ಲಿ. ಸಹ್ಯಾದ್ರಿಯೂ ಅಲ್ಲಿಗೆ ಹತ್ತಿರ. ವಿಜಯಪುರದಿಂದ ಸಹ್ಯಾದ್ರಿ ಎಷ್ಟು ದೂರ ನೋಡಿ.

ಭೀಮೆಯ ದಂಡೆ
ಮೊಮ್ಮಗ ಎಲ್ಲಿ ಮಠ ಕಟ್ಟಿಸಿದ ಅನ್ನೋದರಿಂದ ಅಜ್ಜ ಎಲ್ಲಿ ಹುಟ್ಟಿದ ಅಂತ ಹೇಗೆ ಹೇಳ್ತೀರಿ? ಕೆಲಸ ಸಿಕ್ಕ ಕಡೆ ಮನೆ ಮಾಡ್ತಾರೆ. ವಿಜ್ಜಡ ಅನ್ನುವ ಹೆಸರಿಗೆ ಮೊದಲು ಉತ್ತರ ಕೊಡಿ.

ನಿರ್ವಾಹಕ
ಭಾಸ್ಕರಾಚಾರ್ಯರ ಊರಿನ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ. ಅಲ್ಲಿ ಮುಂದುವರಿಸಿ.

ಮೈಸೂರು ಪೇಟ
ಸೈಟ್ ಇಂಜಿನಿಯರ್ ಇದ್ದಾರಲ್ಲ, ಒಂದು ಪ್ರಶ್ನೆ. ಹೋದ ವಾರ ನಮ್ಮ ಮನೆಗೆ ಛಾವಣಿ ಹಾಕಿದರು. ಮೂರು ದಿನ ನೀರು ಕಟ್ಟಿದರೆ ಸಾಕು ಅಂತಾರೆ ಮೇಸ್ತ್ರಿ. ನಿಜವಾ?

ಸೈಟ್ ಇಂಜಿನಿಯರ್
ಸಾಲದು ಸರ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕಡಿಮೆ ಅಂದ್ರೆ ಏಳು ದಿನ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೋಲಾನಾ ಸಿಮೆಂಟ್) ಥರದ ಮಿಶ್ರ ಸಿಮೆಂಟಿಗೆ ಹತ್ತು ದಿನ, ಹದಿನಾಲ್ಕು ಮಾಡಿದರೆ ಇನ್ನೂ ಒಳ್ಳೆಯದು. ಬಿಸಿಲು ಜಾಸ್ತಿ ಇದ್ದರೆ ಯಾವ ಸಿಮೆಂಟಾದರೂ ಹತ್ತಕ್ಕಿಂತ ಕಡಿಮೆ ಬೇಡ. ಸಿಮೆಂಟ್ ಚೀಲದ ಮೇಲೆ ಯಾವುದು ಅಂತ ಬರೆದಿರುತ್ತದೆ, ನೋಡಿ. ಈಗಲೇ ಛಾವಣಿಯ ಮೇಲೆ ಪಾತಿ ಕಟ್ಟಿಸಿ ನೀರು ನಿಲ್ಲಿಸಿ. ತೊಲೆ, ಕಂಬಗಳಿಗೆ ಗೋಣಿಚೀಲ ಸುತ್ತಿ ಒದ್ದೆಯಾಗಿ ಇಡಿ. ಮಧ್ಯೆ ಒಣಗಲು ಬಿಡಬೇಡಿ.